ಹಿಂದೆ ಬರುತ್ತೇವೆ ಎಂದವರು

(ಆಗಸ್ಟ್ ತಿಂಗಳ ಕೊನೆಯ ಒಂದು ಸಂಜೆ. ಹಳೆಯ ಮೈಸೂರು ಸೀಮೆಯ ಒಂದು ಊರಿನ ಕೆರೆ ಏರಿ. ಏರಿಯ ಕೆಳಗೆ ಬೇವಿನ ಮರದ ಬುಡದಲ್ಲಿ ಮೊಣಕಾಲೆತ್ತರ ಹೂತುಹೋದ ಒಂದು ಬೀರಗಲ್ಲು, ಅದರ ಪಕ್ಕಕ್ಕೆ ಒಂದು ಮಾಸ್ತಿಕಲ್ಲು. ನಿವೃತ್ತರಾದ ಕನ್ನಡ ಮೇಷ್ಟ್ರು ಅಲ್ಲಿ ಕೂತಿದ್ದಾರೆ. ಅವರ ಹತ್ತಿರ ಹೈಸ್ಕೂಲು ಓದಿ ಈಗ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿರುವ ಶಿಷ್ಯೆ ರಜೆಗೆ ಊರಿಗೆ ಬಂದಿದ್ದಾಳೆ.)

ಶಿಷ್ಯೆ: ಸಾರ್, ಸೆಪ್ಟೆಂಬರ್ 11ಕ್ಕೆ ನಮ್ಮಲ್ಲಿ ಅರಣ್ಯ ಹುತಾತ್ಮರ ದಿನ. ಈ ಸಲ ಸಿಬ್ಬಂದಿ ಪರವಾಗಿ ನಾನು ಐದು ನಿಮಿಷ ಮಾತಾಡಬೇಕಂತೆ. ಬರೆದು ತಂದಿದ್ದೀನಿ, ಒಂದು ಸಲ ತಿದ್ದಿಕೊಡಿ.

ಮೇಷ್ಟ್ರು: ನೀನೇ ಓದಮ್ಮ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದೀನಿ.

ಶಿಷ್ಯೆ: “ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯುವಿನಂತೆ ನಮ್ಮ ವೀರರು ಕಾಡ್ಗಿಚ್ಚಿನ ನಡುವೆ ನುಗ್ಗಿ…”

ಮೇಷ್ಟ್ರು: ತಡಿ, ತಡಿ. ಅಭಿಮನ್ಯು ಯಾಕೆ ಬಂದ ಇಲ್ಲಿಗೆ?

ಶಿಷ್ಯೆ: ಎಲ್ಲರಿಗೂ ಗೊತ್ತಿರುವ ವೀರ ಅಂತ ಸಾರ್. ಬೆಂಕಿಗೆ ಸಿಕ್ಕಿ ಸತ್ತ ಗಾರ್ಡ್ ಅಂದರೆ ಜನ ಅಯ್ಯೋ ಪಾಪ ಅಂತಾರೆ. ಅಭಿಮನ್ಯು ಅಂದರೆ ಕೈ ಮುಗೀತಾರೆ. ಎರಡನ್ನೂ ಜೋಡಿಸಿದರೆ ಆ ಕೈ ಮುಗಿಯೋದರಲ್ಲಿ ಇವರಿಗೂ ಸ್ವಲ್ಪ ಪಾಲು ಸಿಗಲಿ ಅಂತ.

ಮೇಷ್ಟ್ರು: ನಿನ್ನ ಆಸೆ ಅರ್ಥವಾಗುತ್ತದೆ. ಬದುಕಿರುವವರನ್ನು ಪುರಾಣದವರಿಗೆ ಹೋಲಿಸುವುದು ಕನ್ನಡಕ್ಕೆ ಹೊಸದೇನಲ್ಲ. ನಮ್ಮ ಆದಿಕವಿ ಮಾಡಿದ್ದೇ ಅದನ್ನು. 941ರಲ್ಲಿ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿದ. ಆಮೇಲೆ ಬಂದ ರನ್ನ ‘ಗದಾಯುದ್ಧ’ದಲ್ಲಿ ಚಾಲುಕ್ಯರ ಸತ್ಯಾಶ್ರಯನನ್ನು ಭೀಮನನ್ನಾಗಿಸಿದ. ಎರಡೂ ಮಹಾಕಾವ್ಯಗಳು, ನಲವತ್ತು ವರ್ಷ ಪಾಠ ಹೇಳಿ ಹೇಳಿ ನನಗೆ ಅವು ಮೈಗೂಡಿವೆ. ಆದರೆ ಆ ಹೋಲಿಕೆಯಿಂದ ಅರಿಕೇಸರಿ ನಮಗೆ ಹತ್ತಿರ ಬಂದನೇ ಹೇಳು. ಅವನಿಗೆ ಯಾವುದರ ಭಯವಿತ್ತು, ಮನೆಯಲ್ಲಿ ಯಾರು ಕಾಯುತ್ತಿದ್ದರು, ಒಂದೂ ತಿಳಿಯಲಿಲ್ಲ. ಅರ್ಜುನ ಎದ್ದು ಕಂಡ, ಅರಿಕೇಸರಿ ಅವನ ನೆರಳಿನಲ್ಲಿ ಮರೆಯಾದ. ನಿನ್ನ ಗಾರ್ಡಿಗೂ ಹಾಗೇ ಆದೀತು ಅಂತ ನನ್ನ ಹೆದರಿಕೆ.

ಶಿಷ್ಯೆ: ಹಾಗಾದರೆ ಯಾರಿಗೆ ಹೋಲಿಸಲಿ?

ಮೇಷ್ಟ್ರು: ನಿನ್ನ ಬೆನ್ನ ಹಿಂದಿರುವ ಕಲ್ಲನ್ನು ನೋಡು. ಚಿಕ್ಕವಳಿದ್ದಾಗ ಇದರ ಮೇಲೆ ಹತ್ತಿ ಕುಣಿದವಳು ನೀನು. ಏನು ಕಾಣುತ್ತದೆ?

ಶಿಷ್ಯೆ: ಮೂರು ಅಂಕಣ. ಕೆಳಗೆ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ, ಅವನ ಹಿಂದೆ ಎರಡು ಹಸು. ನಡುವೆ ಹೆಂಗಸರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಕರೆದುಕೊಂಡು ಹೋಗ್ತಿದ್ದಾರೆ. ಮೇಲೆ ಲಿಂಗ, ಪೂಜೆ ಮಾಡುವ ಒಬ್ಬರು, ಸೂರ್ಯ, ಚಂದ್ರ.

ಮೇಷ್ಟ್ರು: ಹಸು ಇದ್ದರೆ ತುರುಗಾಳಗ. ರಾತ್ರಿ ಯಾರೋ ಬಂದು ಊರ ದನ ಹೊಡೆದುಕೊಂಡು ಹೊರಟಿರುತ್ತಾರೆ. ಇವನು ಎದ್ದು ಹಿಂದೆ ಓಡಿದ್ದಾನೆ. ದನ ಬಿಡಿಸಿದ್ದಾನೆ, ಸತ್ತಿದ್ದಾನೆ. ಇಷ್ಟೇ ಕಥೆ. ಇಂಥ ಕಲ್ಲುಗಳು ಕರ್ನಾಟಕದ ತುಂಬ ಊರೂರಿಗೂ ಇವೆ. ಹುಲಿಯ ಜೊತೆ ಹೋರಾಡಿದವನಿಗೆ ಕಲ್ಲು, ಹೆಣ್ಣುಮಕ್ಕಳ ಮೇಲೆ ಕೈಮಾಡಲು ಬಂದವರನ್ನು ತಡೆದವನಿಗೆ ಕಲ್ಲು, ಊರಿಗೆ ಊರೇ ಹಾಳಾದಾಗ ಬಾಗಿಲಲ್ಲಿ ನಿಂತವನಿಗೆ ಕಲ್ಲು. ಬೆಂಗಳೂರು ಎಂಬ ಹೆಸರು ಮೊದಲ ಬಾರಿಗೆ ಸಿಗುವುದು ಎಲ್ಲಿ ಗೊತ್ತೇ? ಬೇಗೂರಿನ ಒಂದು ವೀರಗಲ್ಲಿನಲ್ಲಿ, ಸುಮಾರು 890ರದ್ದು. ಬೆಂಗಳೂರಿನ ಕಾಳಗದಲ್ಲಿ ಸತ್ತವನೊಬ್ಬನ ನೆನಪಿಗೆ ನಿಲ್ಲಿಸಿದ ಕಲ್ಲು. ಅದಕ್ಕೂ ಹಿಂದಿನದು ಹೆಬ್ಬಾಳದ ಕಿತ್ತಯ್ಯನದು, ಗಂಗರ ಶ್ರೀಪುರುಷನ ಕಾಲದ್ದು, ಸುಮಾರು 750. ಈ ಕಿತ್ತಯ್ಯನನ್ನು ಯಾರೂ ಅಭಿಮನ್ಯು ಎನ್ನಲಿಲ್ಲ. ಕಿತ್ತಯ್ಯ ಎಂದೇ ಕೆತ್ತಿದರು. ಅದಕ್ಕೇ ಅವನು ಇವತ್ತಿಗೂ ಕಿತ್ತಯ್ಯನಾಗಿಯೇ ಇದ್ದಾನೆ.

ಶಿಷ್ಯೆ: ಆದರೆ ಕಲ್ಲಿನಲ್ಲೂ ದೇವಕನ್ನಿಕೆಯರು ಇದ್ದಾರಲ್ಲ ಸಾರ್. ಅದು ಪುರಾಣ ಅಲ್ಲವೇ?

ಮೇಷ್ಟ್ರು: ಹೌದು, ಒಪ್ಪಿದೆ. ಕೆಳಗಿನ ಅಂಕಣ ಕಣ್ಣಾರೆ ಕಂಡದ್ದು, ಮೇಲಿನೆರಡು ಊರಿನವರ ಹಾರೈಕೆ. ಆದರೆ ಮೊದಲು ಕೆಳಗಿನದನ್ನು ಕೆತ್ತಬೇಕು, ಅದು ನೆಲಕ್ಕೆ ತಾಗಿರಬೇಕು. ಆತಕೂರಿನ ಕಲ್ಲಿನ ವಿಷಯ ತರಗತಿಯಲ್ಲಿ ಹೇಳಿದ್ದೆ, ನೆನಪಿದೆಯೇ?

ಶಿಷ್ಯೆ: ನಾಯಿಯದ್ದಲ್ಲವೇ?

ಮೇಷ್ಟ್ರು: ಅದೇ. ಪಂಪ ಕಾವ್ಯ ಮುಗಿಸಿ ಎಂಟೊಂಬತ್ತು ವರ್ಷ ಆಗಿದೆ. ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಯುದ್ಧ. ಚೋಳರ ರಾಜಾದಿತ್ಯ ಅಲ್ಲೇ ಮಡಿದ. ಗಂಗರ ಬೂತುಗನ ಕಡೆಯ ಮಣಲೆರ ಎಂಬ ಆಳು ಚೆನ್ನಾಗಿ ಕಾದಿದ್ದ. ಏನು ಬೇಕೋ ಕೇಳು ಎಂದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆ ಕಾಳಿ ಒಂದು ಬೇಟೆಯಲ್ಲಿ ದೊಡ್ಡ ಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಗಾಗಿ ಕಲ್ಲು ನಿಲ್ಲಿಸಿದರು, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಪೂಜಾರಿ ಗೊರವನಿಗೆ ಒಂದು ಕಟ್ಟಳೆಯನ್ನೂ ಬರೆಸಿದರು. ಕಲ್ಲಿಗೆ ಪೂಜೆ ಮಾಡದೆ ಅವನು ಉಣ್ಣುವ ಹಾಗಿಲ್ಲ, ಉಂಡರೆ ಪಾಪ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಒಮ್ಮೆ ಹೋಗಿ ನೋಡು. ನಾಯಿ ಹಂದಿಯ ಮೇಲೆ ಹಾರಿದ್ದನ್ನು ಎಷ್ಟು ಚೆನ್ನಾಗಿ ಕೆತ್ತಿದ್ದಾನೆ ಅಂದರೆ, ಕೆತ್ತಿದವನು ಬೇಟೆ ಕಂಡವನೇ ಇರಬೇಕು ಅನಿಸುತ್ತದೆ.

ಶಿಷ್ಯೆ: ಪೂಜೆ ಮಾಡದೆ ಉಣ್ಣುವ ಹಾಗಿಲ್ಲ… ಅದು ನೆನಪಿರಲಿಲ್ಲ. ಆದರೂ ಸಾರ್, ಅಭಿಮನ್ಯುವನ್ನು ಬಿಡೋಕೆ ಮನಸ್ಸಿಲ್ಲ. ಅಜ್ಜಿ ಆ ಕಥೆ ಹೇಳುವಾಗ ಪ್ರತಿಸಲ ಅತ್ತಿದ್ದೀನಿ. ಯಾರಿಗೋ ದೊಡ್ಡಸ್ತಿಕೆ ತರೋಕೆ ಅತ್ತದ್ದಲ್ಲ ಅದು.

ಮೇಷ್ಟ್ರು: ಹಾಗಾದರೆ ಇಟ್ಟುಕೋ. ಆದರೆ ಪೂರ್ತಿ ಇಟ್ಟುಕೋ. ವ್ಯೂಹ ಹೊಕ್ಕದ್ದನ್ನು ಮಾತ್ರ ಹೇಳಿ ನಿಲ್ಲಿಸಬೇಡ. ಹೊಗುವ ಮೊದಲು ಏನು ಮಾತಾಯಿತು ಹೇಳು.

ಶಿಷ್ಯೆ: ಧರ್ಮರಾಯ ಕರೆದು, ದ್ರೋಣರ ವ್ಯೂಹ ಒಡೆಯಬೇಕು, ನಿನ್ನ ಹೊರತು ಈಗ ಯಾರಿಗೂ ಗೊತ್ತಿಲ್ಲ ಅಂತಾನೆ. ಅರ್ಜುನ ದೂರದಲ್ಲಿ ಸಂಶಪ್ತಕರ ಜೊತೆ ಕಾದುತ್ತಿರುತ್ತಾನೆ. ಒಳಗೆ ಹೋಗೋದು ಗೊತ್ತು, ಹೊರಗೆ ಬರೋದು ಗೊತ್ತಿಲ್ಲ ಅಂತ ಹುಡುಗ ಹೇಳ್ತಾನೆ. ಆಗ…

ಮೇಷ್ಟ್ರು: ಆಗ?

ಶಿಷ್ಯೆ: ನೀನು ದಾರಿ ಮಾಡು, ನಿನ್ನ ಹಿಂದೆಯೇ ನಾವೆಲ್ಲ ಬರುತ್ತೇವೆ ಅಂತಾರೆ ದೊಡ್ಡವರು.

ಮೇಷ್ಟ್ರು: ಬಂದರೇ?

ಶಿಷ್ಯೆ: ಇಲ್ಲ. ಜಯದ್ರಥ ತಡೆದುಬಿಟ್ಟ. ಅವನಿಗೆ ಶಿವನ ವರ ಇತ್ತು, ಒಂದು ದಿನ ಅರ್ಜುನನ ಹೊರತು ಉಳಿದ ಪಾಂಡವರನ್ನು ತಡೆಯುವ ವರ.

ಮೇಷ್ಟ್ರು: ನನ್ನ ದೃಷ್ಟಿಯಲ್ಲಿ ಆ ಪ್ರಸಂಗದ ಹೃದಯ ಅಲ್ಲಿದೆ ಕಣಮ್ಮ. ಹದಿನಾರು ವರ್ಷದ ಹುಡುಗನ ಧೈರ್ಯವನ್ನು ನಾವು ಎಷ್ಟೋ ಹಾಡಿದ್ದೇವೆ. ಹಿಂದೆ ಬರುತ್ತೇವೆ ಎಂದವರು ಬರಲಾಗದೇ ಹೋದರಲ್ಲ, ಆ ನೋವನ್ನು ಯಾರೂ ಅಷ್ಟಾಗಿ ಹಾಡಲಿಲ್ಲ. ಧರ್ಮರಾಯ ಅವತ್ತು ಸಂಜೆ ಅರ್ಜುನನ ಮುಖ ಹೇಗೆ ನೋಡಿದ್ದಾನು?

(ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿರುತ್ತಾರೆ.)

ಶಿಷ್ಯೆ: ಸಾರ್, ಬೆಂಕಿ ಆರಿಸೋದು ಹೇಗೆ ಅಂತ ಹೇಳಲೇ? ಬೇಸಿಗೆಗೆ ಮುಂಚೆಯೇ ದಾರಿಯ ಅಂಚಿನ ಹುಲ್ಲು ಸುಟ್ಟು ಬೆಂಕಿ ರೇಖೆ ಮಾಡಿರ್ತೀವಿ. ಅದನ್ನೂ ದಾಟಿ ಬೆಂಕಿ ಬಂದರೆ ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬಡಿಯೋದು. ಅಷ್ಟೇ ಆಯುಧ. ಸಾಲಾಗಿ ನಿಲ್ತೀವಿ, ಮುಂದಿನವರು ಬಡೀತಾ ಹೋದರೆ ಹಿಂದಿನವರು ಉಳಿದ ಕೆಂಡ ಆರಿಸ್ತಾ ಬರಬೇಕು. ಹಿಂದಿನವರು ತಪ್ಪಿದರೆ ಮುಂದಿನವರ ಬೆನ್ನ ಹಿಂದೆ ಬೆಂಕಿ ಮತ್ತೆ ಏಳುತ್ತೆ. ಗಾಳಿ ತಿರುಗಿತು ಅಂದರೆ ಲಂಟಾನದ ಪೊದೆ ಒಂದೇ ಉಸಿರಿಗೆ ಹೊತ್ತಿಕೊಳ್ಳುತ್ತೆ. ಆಮೇಲೆ ಯಾವ ಕಡೆ ಹೊರಗೆ, ಯಾವ ಕಡೆ ಒಳಗೆ ಅಂತ ಹೊಗೆಯಲ್ಲಿ ತಿಳಿಯಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಗಾರ್ಡ್ ಹೀಗೇ ಬೆಂಕಿಗೆ ಸಿಕ್ಕಿ ಹೋದರು. ಮರುವರ್ಷ ಮಾರ್ಚಿನಲ್ಲಿ ನಾಗರಹೊಳೆಯ ನಿರ್ದೇಶಕರಾಗಿದ್ದ ಮಣಿಕಂಡನ್ ಸಾಹೇಬರು ಬೆಂಕಿ ಬಿದ್ದ ಜಾಗ ನೋಡೋಕೆ ಹೋದಾಗ ಆನೆ ದಾಳಿಯಲ್ಲಿ ತೀರಿಕೊಂಡರು. ಒಬ್ಬರು ಗಾರ್ಡ್, ಒಬ್ಬರು ನಿರ್ದೇಶಕರು. ಕಾಡಿಗೆ ಆ ಲೆಕ್ಕ ಇಲ್ಲ.

ಮೇಷ್ಟ್ರು: ಈಗ ನೀನು ಹೇಳಿದೆಯಲ್ಲ, ಹಸಿ ಸೊಪ್ಪು, ಹಿಂದಿನವರ ಕೆಂಡ… ಇದನ್ನು ಬರೆ. ಇದು ಕೆಳಗಿನ ಅಂಕಣ.

ಶಿಷ್ಯೆ: ಬರೀಬಹುದು. ಆದರೆ ಪುರಾಣದಲ್ಲಿ ಆಯುಧಗಳಿಗೂ ಹೆಸರಿದೆ. ಗಾಂಡೀವ, ಪಾಶುಪತ. ಸೊಪ್ಪಿನ ಕೊಂಬೆಗೆ ಏನು ಹೆಸರು?

ಮೇಷ್ಟ್ರು: ಓಬವ್ವನ ಒನಕೆಗೆ ಏನು ಹೆಸರಿತ್ತು? ಹೈದರನ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳುವಾಗ ಅವಳ ಕೈಗೆ ಸಿಕ್ಕಿದ್ದು ದಿನಾ ಭತ್ತ ಕುಟ್ಟುತ್ತಿದ್ದ ಒನಕೆ. ಗಂಡ ಊಟಕ್ಕೆ ಕೂತಿದ್ದಾನೆ, ನೀರು ತರಲು ಬಂದವಳು ಇವಳು. ಕೆಲಸ ಮಾಡುವ ಕೈಗೆ ಕೆಲಸದ ಸಾಮಾನೇ ಆಯುಧವಾಯಿತು. ನಮ್ಮ ಜನ ಆ ಕಥೆಯನ್ನು ಇಷ್ಟು ಪ್ರೀತಿಯಿಂದ ಕಾಪಾಡಿಕೊಂಡದ್ದು ಅದಕ್ಕೇ ಅಂತ ನನ್ನ ನಂಬಿಕೆ.

ಶಿಷ್ಯೆ: ಆಯುಧವೇ ಇಲ್ಲದವರ ಕಥೆ ನನಗೆ ಗೊತ್ತು. ಸೆಪ್ಟೆಂಬರ್ 11ನ್ನೇ ಯಾಕೆ ಆರಿಸಿದರು ಅಂತ ತರಬೇತಿಯಲ್ಲಿ ಹೇಳಿದ್ದರು. 1730ರಲ್ಲಿ ಜೋಧಪುರದ ಅರಸ ಅಭಯಸಿಂಹನ ಆಳುಗಳು ಮರ ಕಡಿಯಲು ಖೇಜಡ್ಲಿ ಅನ್ನುವ ಊರಿಗೆ ಬಂದರು. ಬಿಷ್ಣೋಯಿ ಹೆಂಗಸು ಅಮೃತಾದೇವಿ ಮರ ತಬ್ಬಿ ನಿಂತಳು. ಅವಳನ್ನು ಕಡಿದರು, ಅವಳ ಮೂರು ಹೆಣ್ಣುಮಕ್ಕಳನ್ನೂ ಕಡಿದರು. ಸುದ್ದಿ ಹಬ್ಬಿ ಸುತ್ತಲ ಊರುಗಳಿಂದ ಜನ ಬಂದು ಒಬ್ಬೊಬ್ಬರು ಒಂದೊಂದು ಮರ ತಬ್ಬಿಕೊಂಡರು. 363 ಜನ ಸತ್ತರು. ಆ ದಿನವನ್ನೇ 2013ರಿಂದ ರಾಷ್ಟ್ರೀಯ ಅರಣ್ಯ ಹುತಾತ್ಮರ ದಿನ ಅಂತ ಆಚರಿಸ್ತಾರೆ.

ಮೇಷ್ಟ್ರು: ಯಾವ ಮರ ಅದು?

ಶಿಷ್ಯೆ: ಖೇಜಡಿ. ನಮ್ಮ ಬನ್ನಿ ಸಾರ್, ಅದೇ ಜಾತಿ.

ಮೇಷ್ಟ್ರು: ಬನ್ನಿಯೇ? ಅಂದರೆ ಶಮೀವೃಕ್ಷ! ಇಷ್ಟು ವರ್ಷ ನನಗಿದು ಹೊಳೆದಿರಲಿಲ್ಲ ಕಣಮ್ಮ. ಅಜ್ಞಾತವಾಸಕ್ಕೆ ಹೋಗುವ ಮುಂಚೆ ಪಾಂಡವರು ಆಯುಧಗಳನ್ನೆಲ್ಲ ಕಟ್ಟಿ ಬಚ್ಚಿಟ್ಟದ್ದು ಆ ಮರದಲ್ಲೇ. ವಿಜಯದಶಮಿಯ ದಿನ ನಾವು ಕೈಯಿಂದ ಕೈಗೆ ಕೊಡುವ ಬನ್ನಿ ಅದೇ. ಮಹಾಭಾರತದ ವೀರರು ಆ ಮರದಿಂದ ಗಾಂಡೀವ ಇಳಿಸಿಕೊಂಡರು. ಖೇಜಡ್ಲಿಯ ಹೆಂಗಸರಿಗೆ ಇಳಿಸಿಕೊಳ್ಳಲು ಏನೂ ಇರಲಿಲ್ಲ, ಮರವೇ ಅವರಿಗೆ ಎಲ್ಲ ಆಗಿತ್ತು. ಮತ್ತೆ ಇನ್ನೊಂದು ನೋಡು. ಅಮೃತಾದೇವಿಯ ಹಿಂದೆ ಜನ ಬಂದರು. ಯಾರಿಗೂ ಮಾತು ಕೊಟ್ಟವರಲ್ಲ, ಆದರೂ ಬಂದರು. 363 ಎಂಬ ಲೆಕ್ಕ ಇರುವುದು ಅದಕ್ಕೇ. ಬರದೇ ಇದ್ದಿದ್ದರೆ ನಾಲ್ಕಕ್ಕೆ ನಿಲ್ಲುತ್ತಿತ್ತು.

ಶಿಷ್ಯೆ: ಈ ಊರಿನವರು ಬಂದರೇ ಸಾರ್? ಈ ಕಲ್ಲಿನವನ ಹಿಂದೆ?

ಮೇಷ್ಟ್ರು: ಕಾಳಗದಲ್ಲಿ ಬಂದರೋ ಇಲ್ಲವೋ, ಸತ್ತ ಮೇಲೆ ಬಂದರು. ಶಾಸನಗಳಲ್ಲಿ ನೆತ್ತರುಕೊಡಗೆ ಎಂಬ ಮಾತು ಬರುತ್ತದೆ. ನೆತ್ತರಿಗೆ ಕೊಟ್ಟ ಕೊಡಗೆ. ಊರಿಗಾಗಿ ಸತ್ತವನ ಮನೆಯವರಿಗೆ ಗದ್ದೆಯನ್ನೋ ಹೊಲವನ್ನೋ ಬಿಟ್ಟುಕೊಡುತ್ತಿದ್ದರು. ಬಾಳ್ಗಳ್ಚು, ಕಲ್ನಾಡು ಎಂಬ ಹೆಸರಿನ ಕೊಡಗೆಗಳೂ ಇವೆ. ಇದನ್ನು ತಪ್ಪಿಸಿದವನಿಗೆ ಇಂಥ ಪಾಪ ಬರಲಿ ಅಂತ ಶಾಪವನ್ನೂ ಕೆತ್ತಿಸುತ್ತಿದ್ದರು. ದೇವಕನ್ನಿಕೆಯರು ಅವನನ್ನು ವೀರಸ್ವರ್ಗಕ್ಕೆ ಕರೆದೊಯ್ದರು ಎಂಬುದನ್ನು ನಂಬುವುದು ಬಿಡುವುದು ನಮ್ಮ ಇಷ್ಟ. ಅವನ ಮನೆಯಲ್ಲಿ ಒಲೆ ಉರಿಯಲಿ ಅಂತ ಊರು ಗದ್ದೆ ಬಿಟ್ಟದ್ದು ಮಾತ್ರ ಲೆಕ್ಕಕ್ಕೆ ಸಿಗುವ ಸತ್ಯ.

ಶಿಷ್ಯೆ: ಪಕ್ಕದ ಮಾಸ್ತಿಕಲ್ಲನ್ನೂ ನೋಡಿ ಸಾರ್, ಸತಿಹೋದವಳದ್ದು.

ಮೇಷ್ಟ್ರು: ನೋಡುತ್ತಿದ್ದೀನಿ.

ಶಿಷ್ಯೆ: ಕಂಬದಿಂದ ಹೊರಟ ಒಂದು ಕೈ, ಕೈ ತುಂಬ ಬಳೆ. ಅವಳು ಅವನ ಹೆಂಡತಿ ಇರಬಹುದು, ಇನ್ಯಾರೋ ಇರಬಹುದು. ಯಾರದ್ದೋ ಹೆಂಡತಿ ಅಂತೂ ಹೌದು. ಊರು ಹಿಂದೆ ಬಂತು ಅಂದಿರಿ. ಈ ಹೆಣ್ಣಿನ ಹಿಂದೆ ಯಾರು ಬಂದರು? ಚಿತೆಯವರೆಗೆ ಬಂದರು, ಅಷ್ಟೇ. ಹಳೆಯ ಕಾಲದವರು ವೀರರನ್ನು ನಮಗಿಂತ ಚೆನ್ನಾಗಿ ನೋಡಿಕೊಂಡರು ಅಂತ ನಾನು ಆ ಸಭೆಯಲ್ಲಿ ಹೇಳಲಾರೆ.

ಮೇಷ್ಟ್ರು: ಹೇಳಬೇಡ. ನೀನು ಹೇಳಿದ್ದು ಸರಿ. ನಾನು ಮೂವತ್ತು ವರ್ಷ ಈ ಎರಡು ಕಲ್ಲುಗಳ ಮುಂದೆ ಮಕ್ಕಳನ್ನು ಕರೆತಂದು ನಿಲ್ಲಿಸಿದ್ದೀನಿ. ಇವನ ಬಗ್ಗೆ ಅರ್ಧ ಗಂಟೆ ಮಾತಾಡಿ ಅವಳ ಬಗ್ಗೆ ಒಂದು ವಾಕ್ಯಕ್ಕೆ ಮುಗಿಸುತ್ತಿದ್ದೆ. ತಪ್ಪಾಯಿತು.

ಶಿಷ್ಯೆ: ನಿಮ್ಮನ್ನು ನೋಯಿಸೋಕೆ ಹೇಳಿದ್ದಲ್ಲ ಸಾರ್. ನನ್ನ ಮನಸ್ಸಿನಲ್ಲಿ ಬೇರೆ ಒಬ್ಬರಿದ್ದಾರೆ. ನಮ್ಮ ಜೊತೆ ಒಬ್ಬ ವಾಚರ್ ಇದ್ದರು, ದಿನಗೂಲಿಯ ಮೇಲೆ. ಕಾಡಿನ ಒಂದೊಂದು ಹೆಜ್ಜೆ ಗುರುತನ್ನೂ ನಮಗೆ ಕಲಿಸಿಕೊಟ್ಟವರು ಅವರು. ಬೀಟ್‌ನಲ್ಲಿ ಮುಂದೆ ನಡೆಯೋದು ಯಾವಾಗಲೂ ಅವರೇ. ಆನೆಯ ವಾಸನೆ ನಮಗಿಂತ ಮುಂಚೆ ಅವರಿಗೆ ಗೊತ್ತಾಗ್ತಿತ್ತು. ಒಂದು ದಿನ ಗೊತ್ತಾಗಲಿಲ್ಲ. ಅವರ ಹೆಂಡತಿ ಕಾಗದಪತ್ರ ಹಿಡಿದು ಎಷ್ಟು ಸಲ ಎಷ್ಟು ಮೆಟ್ಟಿಲು ಹತ್ತಿದರು ಅಂತ ನಾನು ಕಂಡಿದ್ದೀನಿ. ಕಾಯಂ ನೌಕರರಲ್ಲ ಅನ್ನೋ ಒಂದು ಮಾತು ಅವರಿಗೆ ಪ್ರತಿಸಲ ಅಡ್ಡ ಬರ್ತಿತ್ತು.

ಮೇಷ್ಟ್ರು: ಜಯದ್ರಥನ ಹಾಗೆ.

ಶಿಷ್ಯೆ: ಹೌದು, ಹಾಗೇ. ಮತ್ತೆ ಸಾರ್, ಬದುಕಿರೋರ ಗತಿ ಏನು? ಈ ಕಲ್ಲು ಸತ್ತವನಿಗೆ. ಅದೇ ರಾತ್ರಿ ಅವನ ಜೊತೆ ಓಡಿ, ದನ ಬಿಡಿಸಿಕೊಂಡು ಜೀವಂತ ವಾಪಸು ಬಂದವನೂ ಒಬ್ಬ ಇದ್ದಿರಬೇಕಲ್ಲ. ಅವನಿಗೆ ಕಲ್ಲಿಲ್ಲ. ಮಳೆಗಾಲದಲ್ಲಿ ಕ್ಯಾಂಪಿನಲ್ಲಿ ತಿಂಗಳುಗಟ್ಟಲೆ ಇದ್ದು, ಜಿಗಣೆ ಕಚ್ಚಿಸಿಕೊಂಡು, ಜ್ವರ ಬಂದು ಎದ್ದು ಮತ್ತೆ ಬೀಟಿಗೆ ಹೋಗೋರು ನೂರಾರು ಜನ. ಅವರನ್ನು ವೀರರು ಅಂತ ಕರೆಯೋಕೆ ಅವರು ಸಾಯೋವರೆಗೂ ಕಾಯಬೇಕೇ?

ಮೇಷ್ಟ್ರು: ಪುರಾಣದ ವೀರನಿಗೆ ಒಂದು ದಿನ ಇರುತ್ತದೆ. ಹದಿಮೂರನೆಯ ದಿನ ಅಭಿಮನ್ಯುವಿನದು, ಹದಿನೇಳನೆಯ ದಿನ ಕರ್ಣನದು. ನೀನು ಹೇಳುವವರಿಗೆ ಅಂಥ ಒಂದು ದಿನ ಇಲ್ಲ, ಎಲ್ಲ ದಿನವೂ ಇದೆ. ಇದಕ್ಕೆ ನನ್ನ ಬಳಿ ಹಳೆಯ ಮಾತು ಯಾವುದೂ ಇಲ್ಲ, ಕಾವ್ಯದಲ್ಲೂ ಇಲ್ಲ, ಕಲ್ಲಿನಲ್ಲೂ ಇಲ್ಲ. ನೀನೇ ಹುಡುಕಬೇಕು.

ಶಿಷ್ಯೆ: ಗೋಪಿನಾಥಂನಲ್ಲಿ ಒಂದು ಸಿಕ್ಕಿತು ಸಾರ್. ಪಿ. ಶ್ರೀನಿವಾಸ್ ಅವರ ವಿಷಯ ಗೊತ್ತಲ್ಲ?

ಮೇಷ್ಟ್ರು: ವೀರಪ್ಪನ್ ಕೊಂದ ಅಧಿಕಾರಿ.

ಶಿಷ್ಯೆ: ನೋಡಿ, ನೀವೂ ಹಾಗೇ ಹೇಳಿದಿರಿ. ವೀರಪ್ಪನ್ ಹೆಸರು ಮೊದಲು ಬರುತ್ತೆ. ಅವನ ಮೇಲೆ ಸಿನಿಮಾಗಳು ಬಂದವು, ಅವನ ಮೀಸೆ ದೇಶಕ್ಕೆಲ್ಲ ಗೊತ್ತು. ಈ ಕಾಲದಲ್ಲಿ ಪುರಾಣ ಬೆಳೆದದ್ದು ಅವನ ಸುತ್ತ. ಶ್ರೀನಿವಾಸ್ ಅವರು ಡಿ.ಸಿ.ಎಫ್. ಆಗಿದ್ದರು. ಗೋಪಿನಾಥಂ ವೀರಪ್ಪನ್‌ನ ಸ್ವಂತ ಊರು. ಅಲ್ಲಿಗೆ ಬಂದೂಕು ಹಿಡಿದು ಹೋಗೋದರ ಬದಲು ಅವರು ಅಲ್ಲಿ ಮನೆ ಕಟ್ಟಿಸಿದರು, ಔಷಧಿ ಸಿಗೋ ಹಾಗೆ ಮಾಡಿದರು, ಊರವರು ಆಸೆಪಟ್ಟ ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟರು. ವೀರಪ್ಪನ್ ಕಡೆ ಹೋಗಿದ್ದ ಹುಡುಗರನ್ನು ಮಾತಾಡಿಸಿ ವಾಪಸು ಕರೆತರೋಕೆ ನೋಡಿದರು. ಕೊನೆಗೆ ಅವನು ಶರಣಾಗ್ತೀನಿ ಅಂತ ಹೇಳಿಕಳಿಸಿದ. ಇವರು ಆಯುಧ ಇಲ್ಲದೆ ಹೋದರು. 1991ರ ನವೆಂಬರ್ 10. ಮೋಸದಿಂದ ಕೊಂದ, ತಲೆ ಕಡಿದುಕೊಂಡು ಹೋದ. ಸರ್ಕಾರ ಮರಣೋತ್ತರ ಕೀರ್ತಿಚಕ್ರ ಕೊಟ್ಟಿತು.

ಮೇಷ್ಟ್ರು: ಅಲ್ಲಿಗೆ ನೀನು ಹೋಗಿದ್ದೆಯಾ?

ಶಿಷ್ಯೆ: ಹೋಗಿದ್ದೆ. ಆ ಗುಡಿಯಲ್ಲಿ ಅವರ ಚಿತ್ರ ಇದೆ. ದೇವರಿಗೆ ಮಂಗಳಾರತಿ ಆದ ಮೇಲೆ ಅವರಿಗೂ ಆಗುತ್ತೆ. ಸರ್ಕಾರ ಹೇಳಿ ಮಾಡಿಸಿದ್ದಲ್ಲ ಅದು, ಅಲ್ಲಿನ ಜನ ತಾವೇ ಮಾಡ್ತಿರೋದು. ಅವರಲ್ಲಿ ಎಷ್ಟೋ ಜನ ವೀರಪ್ಪನ್‌ನ ನೆಂಟರು. ಅವರು ಶ್ರೀನಿವಾಸ್ ಅವರನ್ನು ಅಭಿಮನ್ಯು ಅನ್ನಲ್ಲ, ಕರ್ಣ ಅನ್ನಲ್ಲ. ನಮ್ಮ ಸಾಹೇಬರು ಅಂತಾರೆ. ಅವರು ಸತ್ತ ರೀತಿಗಿಂತ ಮನೆ ಕಟ್ಟಿಸಿದ್ದನ್ನು, ಔಷಧಿ ತರಿಸಿದ್ದನ್ನು ಹೇಳ್ತಾರೆ. ನಾನು ಕೇಳ್ತಿದ್ದ ಮಾತಿಗೆ ಉತ್ತರ ಅಲ್ಲಿದೆ ಅನಿಸ್ತು. ಎಲ್ಲ ದಿನವೂ ಮಾಡಿದ ಕೆಲಸಕ್ಕೇ ಆರತಿ ಎತ್ತುವ ಜನ ಇದ್ದಾರೆ.

ಮೇಷ್ಟ್ರು: ನೀನು ತಂದ ಕಾಗದವನ್ನು ಹರಿದುಹಾಕು. ಈಗ ಆಡಿದ್ದನ್ನು ಆಡು, ಸಾಕು.

ಶಿಷ್ಯೆ: ಅಭಿಮನ್ಯು ಇರಲೇ?

ಮೇಷ್ಟ್ರು: ಇರಲಿ. ಅವನು ಹೊಕ್ಕದ್ದಕ್ಕಲ್ಲ, ಅವನಿಗೆ ಕೊಟ್ಟ ಮಾತಿಗಾಗಿ ಇರಲಿ. ಕೊನೆಗೆ ಏನು ಹೇಳುತ್ತೀ? ನಿನ್ನ ಮುಂದೆ ಮೇಲಧಿಕಾರಿಗಳು ಕೂತಿರುತ್ತಾರೆ, ಊರ ಹಿರಿಯರು ಇರುತ್ತಾರೆ. ಕಾರ್ಯಕ್ರಮ ಮುಗಿದ ಮೇಲೆ ಊಟವೂ ಇರುತ್ತದೆ ತಾನೆ?

ಶಿಷ್ಯೆ: ಇರುತ್ತೆ. ಪಾಯಸವೂ ಇರುತ್ತೆ. ಹೀಗೆ ಹೇಳ್ತೀನಿ, ಕೇಳಿ. “ಹಿರಿಯರೇ, ಹೆಸರುಗಳನ್ನು ಓದುವಾಗ ದಿನಗೂಲಿ ವಾಚರುಗಳ ಹೆಸರನ್ನೂ ಓದಿ. ಅವರ ಹೆಂಡತಿ ಮಕ್ಕಳನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಿ. ಅವರಿಗೆ ಬರಬೇಕಾದದ್ದು ಬಂದಿದೆಯೇ ಅಂತ ಒಬ್ಬೊಬ್ಬರನ್ನೂ ಕೇಳಿ. ಆತಕೂರಿನಲ್ಲಿ ಒಂದು ನಾಯಿಯ ಕಲ್ಲಿಗೆ ಪೂಜೆಯಾಗದೆ ಗೊರವ ಉಣ್ಣುವ ಹಾಗಿರಲಿಲ್ಲ. ಈ ಮನೆಗಳ ಲೆಕ್ಕ ಚುಕ್ತಾ ಆಗುವವರೆಗೆ ಈ ದಿನದಂದು ನಮಗೂ ಊಟ ಬಡಿಸಬೇಡಿ.”